ಗಂಟು ನೋಡುವ ಕೈ

ಮೊನ್ನೆ ಸಂತೇಬೆನ್ನೂರಿನ ಪಶು ಆಸ್ಪತ್ರೆಯ ಹಳೇ ಬೀರು ಖಾಲಿ ಮಾಡಿಸುವಾಗ ಒಂದು ನೇಲ್ ಕಟರ್ ಸಿಕ್ಕಿತು. ತುಕ್ಕು ಹಿಡಿದು ಬಾಯಿ ಬಿಡದಂತಾಗಿತ್ತು. ಕಸಕ್ಕೆ ಹಾಕಲು ಹೊರಟ ಅಟೆಂಡರನ ಕೈಯಿಂದ ಅದನ್ನು ಕಸಿದುಕೊಂಡೆ. "ತುಕ್ಕು ಹಿಡಿದೈತಲ್ರೀ ಮೇಡಂ" ಎಂದ. "ಇರಲಿ, ನಿನಗೇನು ಕಷ್ಟ?" ಎಂದು ಗದರಿದೆ. ಪಾಪ, ಅವನದೇನೂ ತಪ್ಪಿರಲಿಲ್ಲ. ಅವನು ಹೊಸಬ, ಅದು ಯಾರದೆಂದು ಅವನಿಗೆ ಗೊತ್ತಿಲ್ಲ. ಅದರ ಒಡೆಯರು ತೀರಿಕೊಂಡು ಎಂಟು ತಿಂಗಳಾಯಿತು. ಯಾರಿಗೂ ಏನನ್ನೂ ಕೂತು ವಿವರಿಸುವ ಉಮೇದು ನನಗೆ ಈಗ ಉಳಿದಿಲ್ಲ. ಬರೆದರೆ ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಅಷ್ಟೇ ಅನುಕೂಲ.

ಅವರು ನಮ್ಮ ಇಲಾಖೆಯಲ್ಲಿ ಪಶುವೈದ್ಯಕೀಯ ಪರಿವೀಕ್ಷಕರಾಗಿದ್ದರು. ನಾನು ಡಾಕ್ಟರು, ಅವರು ನನ್ನ ಕೈಕೆಳಗಿನವರು. ಇದು ಕಾಗದದ ಮೇಲಿನ ಲೆಕ್ಕ. ಹಳ್ಳಿಗೆ ಹೋದರೆ ಅವರೇ "ಡಾಕ್ಟ್ರು", ನಾನು "ಜೊತೀಗೆ ಬಂದ ಮೇಡಂ". ಮಂಡ್ಯದ ಕಡೆಯಿಂದ ಹೊಸದಾಗಿ ಬಂದಿದ್ದ ನನಗೆ ಮೊದಮೊದಲು ಮೈ ಉರಿಯುತ್ತಿತ್ತು. ಒಂದು ದಿನ ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಅವರು ಸೈಕಲ್ಲಿನಷ್ಟೇ ಸಣ್ಣ ತಮ್ಮ ಮೊಪೆಡ್ಡನ್ನು ಒರೆಸುತ್ತಾ, "ಎಮ್ಮೆಗೆ ಸರ್ಟಿಫಿಕೇಟ್ ತೋರ್ಸಾಕೆ ಬರಲ್ಲ ಮೇಡಂ. ಅದು ಕೈ ನೋಡ್ತೈತೆ" ಎಂದರು. ಅಷ್ಟು ಸಮಾಧಾನದಿಂದ ಹೇಳಿದರೆ ಜಗಳವಾದರೂ ಹೇಗೆ ಆಡುವುದು?

ದನ, ಎಮ್ಮೆ ಗಬ್ಬವಾಗಿದೆಯೇ ಎಂದು ತಿಳಿಯಲು ನಾವು ಹಿಂಬದಿಯಿಂದ ಗುದದೊಳಗೆ ಮೊಣಕೈವರೆಗೆ ಕೈಯಿಟ್ಟು, ಕೆಳಗಿರುವ ಗರ್ಭಕೋಶವನ್ನು ಮುಟ್ಟಿ ನೋಡುತ್ತೇವೆ. ಓದುವವರಿಗೆ ಅಸಹ್ಯವೆನಿಸಿದರೆ ನಾನೇನೂ ಮಾಡಲಾರೆ, ಇದು ನಮ್ಮ ಅನ್ನ. ಈ ಕೆಲಸಕ್ಕೆ ಅವರದು ಎಡಗೈ. ಬೆಳಿಗ್ಗೆ ಹಾಜರಿ ಹಾಕಿದ ಕೂಡಲೇ ಎಡಗೈಯ ಉಗುರನ್ನು ಮಾತ್ರ ಕತ್ತರಿಸಿಕೊಳ್ಳುತ್ತಿದ್ದರು. "ಎಡಗೈ ಇಲಾಖೇದು, ಬಲಗೈ ನನ್ನ ಹೆಂಡ್ತೀದು. ಬಲಗೈ ಉಗುರು ಭಾನುವಾರ ಆಕೆ ಕಾಟಕ್ಕೆ ತೆಗೀತೀನಿ" ಎನ್ನುತ್ತಿದ್ದರು. ಕಾಲೇಜಿನಲ್ಲಿ ನಾನು ಈ ವಿದ್ಯೆಯಲ್ಲಿ ಪಾಸಾಗಿದ್ದೆ, ಕಲಿತಿರಲಿಲ್ಲ. ಕಲಿಸಿದವರು ಇವರು. ನನ್ನ ಎಡಗೈಯ ಬಳೆ ತೆಗೆಸಿದವರೂ ಇವರೇ. ಅತ್ತೆಮನೆಯವರು ಏನೇನೋ ಅಂದರು. ಇವತ್ತಿಗೂ ನನ್ನ ಎಡಗೈ ಬೋಳು.

ಕೈಯಿಟ್ಟು ನೋಡಿದ ಮೇಲೆ ಅವರು ತಕ್ಷಣ ಏನನ್ನೂ ಹೇಳುತ್ತಿರಲಿಲ್ಲ. ಯಜಮಾನ "ಐತೇನ್ರಿ? ಇಲ್ಲೇನ್ರಿ?" ಎಂದು ಹಿಂದೆ ಮುಂದೆ ಸುತ್ತಿದರೂ ತುಟಿ ಬಿಚ್ಚುತ್ತಿರಲಿಲ್ಲ. ಕೈ ಹೊರಗೆ ತೆಗೆದು, ಪ್ಲಾಸ್ಟಿಕ್ ತೋಳುಗವಸು ಕಳಚಿ, ಬಿಸಿನೀರು ಸೋಪು ತರಿಸಿ, ಹಿತ್ತಲ ಕಲ್ಲಿನ ಮೇಲೆ ನಿಂತು ನಿಧಾನವಾಗಿ ತೊಳೆದುಕೊಂಡು, ಟವೆಲ್ಲಿನಲ್ಲಿ ಬೆರಳು ಬೆರಳು ಒರೆಸಿಕೊಂಡ ಮೇಲೆಯೇ ಮಾತು. ನನಗೆ ಇದು ಬರೀ ಬಿಂಕ ಅನಿಸಿತ್ತು. ಕೇಳಿದ್ದಕ್ಕೆ ಅವರ ಮೊದಲ ಪೋಸ್ಟಿಂಗಿನ ಕತೆ ಹೇಳಿದರು. ಜಗಳೂರಿನ ಕಡೆ ಒಂದು ಹಟ್ಟಿ. ಅದು ಅವರ ಹುಟ್ಟೂರಿಗೂ ಹತ್ತಿರ, ಮನೆಯಲ್ಲಿ ಕುರಿ ಸಾಕಿ ಬೆಳೆದವರು. ಎಮ್ಮೆಯೊಳಗೆ ಕೈ ಇರುವಾಗಲೇ "ಖಾಲಿ ಐತೆ" ಎಂದುಬಿಟ್ಟರಂತೆ. ಯಜಮಾನ ಸಿಟ್ಟಿನಿಂದ ಎಮ್ಮೆಗೆ ಬಡಿಗೆಯಲ್ಲಿ ಬಾರಿಸಿದ. ಎಮ್ಮೆ ಕುಸಿದು ಕೂತಿತು. ಒಳಗಿದ್ದ ಇವರ ಕೈ ತಿರುಚಿ ಮೂರು ತಿಂಗಳು ಕೊರಳಿಗೆ ಜೋಳಿಗೆ. "ಸುದ್ದಿ ಒಳ್ಳೇದಿರ್ಲಿ ಕೆಟ್ಟದಿರ್ಲಿ ಮೇಡಂ, ಕೈ ತೊಳ್ಕಂಡು ಹೇಳ್ಬೇಕು. ಅಷ್ಟೊತ್ತಿಗೆ ಕೇಳೋನು ತಣ್ಣಗಾಗಿರ್ತಾನೆ. ಹೇಳೋನೂ ತಣ್ಣಗಾಗಿರ್ತಾನೆ."

ಇನ್ನೊಂದು ಮಾತು ಇದಕ್ಕಿಂತ ಗಟ್ಟಿಯಾದದ್ದು. "ಕೈಯಿಟ್ಟು ನೋಡದೆ ಹೇಳ್ಬ್ಯಾಡ್ರಿ." ಫೋನಿನಲ್ಲಿ ಯಾರಾದರೂ ಲಕ್ಷಣ ಹೇಳಿ ಔಷಧಿ ಕೇಳಿದರೆ ಇವರು ಫೋನಿನಲ್ಲೇ ಬೈದು, ಅರ್ಧ ಗಂಟೆಯಲ್ಲಿ ಅವರ ಕೊಟ್ಟಿಗೆಯಲ್ಲಿರುತ್ತಿದ್ದರು.

ಯಾವ ದನದ ಹತ್ತಿರ ಹೋದರೂ ಅವರ ಎಡಗೈ ಮೊದಲು ಹೋಗುತ್ತಿದ್ದುದು ಅದರ ಹೆಗಲಿನ ಮುಂದಕ್ಕೆ. ಅಲ್ಲಿ ಒಂದು ಗಂಟಿರುತ್ತದೆ. ಪುಸ್ತಕದಲ್ಲಿ ದುಗ್ಧರಸ ಗ್ರಂಥಿ, ನಮ್ಮ ಬಾಯಲ್ಲಿ ಲಿಂಫ್ ನೋಡ್, ಅವರಿಗೆ ಬರೀ ಗಂಟು. ನಲ್ಲೂರಿನಲ್ಲಿ ಜ್ವರ ಬಂದು ಮಲಗಿದ್ದ ಸೀಮೆಹಸುವೊಂದರ ಮುಂದೆ ನಾನು ನಾಲ್ಕು ರೋಗದ ಹೆಸರು ಯೋಚಿಸುತ್ತಾ ನಿಂತಿದ್ದಾಗ, ಇವರು ಹೆಗಲು ಸವರಿ "ಗಂಟು ಊದೈತೆ ಮೇಡಂ, ಉಣ್ಣೆ ಹುಳದ ಜ್ವರ" ಎಂದು ಮುಗಿಸಿದ್ದರು. ದಾರಿಯಲ್ಲಿ ವಿವರಿಸಿದರು. "ಗಂಟು ಅಂದ್ರೆ ಮೈಯಾಗಿನ ತಳವಾರ. ಕಳ್ಳ ಊರೊಳಗೆ ಕಾಲಿಟ್ಟ ಅಂದ್ರೆ ಮೊದ್ಲು ಎದ್ದು ಕುಂದ್ರೋನು ಅವ್ನೇ. ಗೌಡ್ರಿಗೆ ಗೊತ್ತಾಗೋದು ಆಮೇಲೆ." ಐದು ವರ್ಷದ ಓದಿನಲ್ಲಿ ಯಾವ ಪ್ರೊಫೆಸರೂ ಇಷ್ಟು ಚೊಕ್ಕವಾಗಿ ಹೇಳಿರಲಿಲ್ಲ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಎಷ್ಟು ತಡ ಮಾಡಿದರೂ ಬರಲೇಬೇಕು.

ಅದು ಕಾಲುಬಾಯಿ ಜ್ವರದ ಲಸಿಕೆಯ ಸಮಯ. ನಾನು ಬೇರೆ ಬೇರೆ ಕಡೆ ಕೆಲಸ ಮಾಡಿ ಬಡ್ತಿಯ ಮೇಲೆ ಮತ್ತೆ ಚನ್ನಗಿರಿ ತಾಲ್ಲೂಕಿಗೇ ಬಂದಿದ್ದೆ. ಅವರ ನಿವೃತ್ತಿಗೆ ಮೂರು ವರ್ಷವಿತ್ತು. ದಿನಕ್ಕೆ ಮೂರು ಊರು ಸುತ್ತಿ ಇಬ್ಬರ ಸೊಂಟವೂ ಬಿದ್ದುಹೋಗಿತ್ತು. ಸಂಜೆ ಜೀಪಿನ ಹತ್ತಿರ ನಿಂತು, ನನ್ನ ಮುಖ ನೋಡದೆ, "ಮೇಡಂ, ಕೆಳಕ್ಕೆ ಕುಂತಾಗ ಸ್ವಲ್ಪ ರಕ್ತ ಹೋಗ್ತೈತೆ" ಎಂದರು. ಅಷ್ಟು ಹೇಳಲು ಅವರು ಎಷ್ಟು ದಿನ ಧೈರ್ಯ ಕೂಡಿಸಿದ್ದರೋ. ನಾನು ಲಸಿಕೆಯ ಪೆಟ್ಟಿಗೆಯ ಮುಚ್ಚಳ ಹಾಕುತ್ತಾ, "ಮೊಪೆಡ್ ಮೇಲೆ ಕೂತು ಕೂತು ಮೂಲವ್ಯಾಧಿ ಆಗಿರುತ್ತೆ ಬಿಡಿ. ಖಾರ ಕಮ್ಮಿ ಮಾಡಿ" ಎಂದು ಒಂದು ಮುಲಾಮಿನ ಹೆಸರು ಹೇಳಿದೆ. ಅವರು ತಲೆಯಾಡಿಸಿ ಹೋದರು. ನಾನು ಎಮ್ಮೆಯ ಡಾಕ್ಟರು, ಮನುಷ್ಯರ ಡಾಕ್ಟರಲ್ಲ ಎಂದಾದರೂ ಹೇಳಬಹುದಿತ್ತು. ನನಗಿಂತ ಹಿರಿಯ ಗಂಡಸಿನ ಹತ್ತಿರ ಆ ವಿಷಯ ಬೆಳೆಸಲು ಸಂಕೋಚ, ಮೇಲೆ ಸುಸ್ತು. ಆ ಮುಲಾಮನ್ನು ಅವರು ಒಂಬತ್ತು ತಿಂಗಳು ಹಚ್ಚಿದರು.

ಕಂಡುಹಿಡಿದವಳು ಕೆರೆಬಿಳಚಿಯ ಖೈರುನ್ಬಿ. ನಾಲ್ಕು ಎಮ್ಮೆ ಕಟ್ಟಿ ಹಾಲು ಹಾಕುವ ಹೆಂಗಸು, ಬಾಯಿ ಜೋರು. ಅವಳ ಎಮ್ಮೆ ನೋಡಿ, ಕೈ ತೊಳೆದು, "ನಾಕು ತಿಂಗ್ಳು ತುಂಬೈತೆ" ಎಂದು ಹೇಳಿದ ಮೇಲೆ ಇವರು ಚಹಾವನ್ನು ನಿಂತೇ ಕುಡಿದರು. ಖೈರುನ್ಬಿ ಬಿಡಲಿಲ್ಲ. ಮಂಚದ ಮೇಲೆ ಬಿಳೀ ಗೋಣಿ ಹಾಸಿ ಬಲವಂತದಿಂದ ಕೂರಿಸಿದಳು. ಎದ್ದು ಹೋದ ಮೇಲೆ ಕಲೆಯಾದ ಗೋಣಿ ತೆಗೆದು ನನ್ನನ್ನು ಒಳಗೆ ಕರೆದಳು.

"ಇದು ನೋಡ್ರಿ."

"ಮೂಲವ್ಯಾಧಿ ಇದೆ ಅವರಿಗೆ."

"ಯಾರ್ ಹೇಳಿದ್ರು? ನಮ್ಮ ಮನೇವ್ರಿಗೆ ಹತ್ತು ವರ್ಷದಿಂದ ಮೂಲ ಐತೆ, ಬಟ್ಟೆ ಒಗೆಯೋಳು ನಾನು. ಮೂಲದ ರಕ್ತ ಕೆಂಪಗಿರ್ತೈತೆ. ಇದ್ರಾಗೆ ಸಿಂಬಳ ಐತೆ, ಕಪ್ಪಗೈತೆ. ಓದಿದೋರು ನೀವು, ಕರ್ಕಂಡ್ ಹೋಗ್ರಿ."

ಓದಿದವಳು ನಾನು. ಮರುದಿನವೇ ದಾವಣಗೆರೆಗೆ ಕರೆದುಕೊಂಡು ಹೋದೆ.

ಅಲ್ಲಿ ಇನ್ನೊಂದು ರಂಪ. ಡಾಕ್ಟರು ಬೆರಳಿಟ್ಟು ಪರೀಕ್ಷೆ ಮಾಡಬೇಕು ಎಂದ ಕೂಡಲೇ ಇವರು ಪ್ಯಾಂಟಿನ ಬೆಲ್ಟು ಬಿಗಿ ಹಿಡಿದು ಹೊರಗೆ ಬಂದುಬಿಟ್ಟರು. "ಅದೊಂದು ಬ್ಯಾಡ್ರಿ. ಫೋಟೋ ಗೀಟೋ ಏನ್ ತೆಗೀತಾರೋ ತೆಗೀಲಿ" ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆಸ್ಪತ್ರೆಯ ಪಡಸಾಲೆ ಎಂಬುದನ್ನೂ ಮರೆತು, "ಮೂವತ್ತು ವರ್ಷ ದಿನಾ ಎಂಟು ಹತ್ತು ಎಮ್ಮೆಗೆ ಕೈ ಇಟ್ಟಿದೀರಲ್ರೀ, ಅವು ಒಂದು ದಿನ ಬೇಡ ಅಂದ್ವಾ?" ಎಂದೆ.

"ಅಂದಾವಲ್ಲ ಮೇಡಂ. ಒದೀತಾವೆ" ಎಂದು ಆ ಹೆದರಿಕೆಯಲ್ಲೂ ನಕ್ಕರು. ನಂತರ ಒಳಗೆ ಹೋದರು.

ಹೊರಗೆ ಬಂದಾಗ ಮುಖ ಬಾಡಿತ್ತು. "ಡಾಕ್ಟ್ರು ಬಾಯಾಗೆ ಇನ್ನೂ ಏನೂ ಹೇಳಿಲ್ಲ. ಬೆರಳು ತೆಗೆದು ಸೀದಾ ನಲ್ಲಿ ಹತ್ರ ಹೋಗಿ ಕೈ ತೊಳೀತಾ ನಿಂತ್ರು. ಭಾಳ ಹೊತ್ತು ತೊಳೆದ್ರು. ಆಗ್ಲೇ ಗೊತ್ತಾತು."

ಗುದನಾಳದ ಕ್ಯಾನ್ಸರ್. ತುಣುಕು ತೆಗೆದು ಪರೀಕ್ಷೆ, ಸ್ಕ್ಯಾನ್, ಎಂ.ಆರ್.ಐ. ಎಲ್ಲ ಆಯಿತು. ಗೆಡ್ಡೆಯ ಸುತ್ತಲಿನ ಕೊಬ್ಬಿನಲ್ಲಿರುವ ಗಂಟುಗಳಿಗೆ ರೋಗ ಹರಡಿದೆ, ಅವಲ್ಲದೆ ಸೊಂಟದ ಎಲುಬಿನ ಪಕ್ಕದ ಗೋಡೆಯಲ್ಲಿ ಒಂದು ಗಂಟು ಬೇರೆಯೇ ದಪ್ಪಗಾಗಿದೆ ಎಂದರು. ಸರ್ಜನ್ ತಾಳ್ಮೆಯ ಮನುಷ್ಯ. ಕಾಗದದ ಮೇಲೆ ಚಿತ್ರ ಬರೆದು, ಮೊದಲು ಐದಾರು ವಾರ ವಿಕಿರಣ, ಜೊತೆಗೆ ಮಾತ್ರೆ, ಆಮೇಲೆ ಕೆಲವು ವಾರ ಬಿಟ್ಟು ಆಪರೇಷನ್ ಎಂದರು. ಗೆಡ್ಡೆ ತೀರಾ ಕೆಳಗಿರುವುದರಿಂದ ಗುದದ್ವಾರ ಉಳಿಯುವುದಿಲ್ಲ, ಹೊಟ್ಟೆಯ ಮೇಲೆ ದಾರಿ ಮಾಡಿ ಚೀಲ ಕಟ್ಟಬೇಕು, ಅದು ಕಾಯಂ. ಹತ್ತಿರದ ಗಂಟುಗಳು ಗೆಡ್ಡೆಯ ಜೊತೆಗೇ ಬರುತ್ತವೆ, ಪಕ್ಕದ ಗೋಡೆಯದು ಮಾತ್ರ ಹಾಗೆ ಬರುವುದಿಲ್ಲ, ಅಗತ್ಯವಿದ್ದರೆ ಅದನ್ನು ಬೇರೆ ಹುಡುಕಿ ತೆಗೆಯಬೇಕು.

ಇವರು ಚಿತ್ರವನ್ನು ತಮ್ಮ ಕಡೆ ತಿರುಗಿಸಿಕೊಂಡು ನೋಡಿದರು. "ತಳವಾರನೇ ಕಳ್ಳರ ಜೊತೀಗೆ ಸೇರ್ಕಂಡಾನೆ ಅನ್ರಿ" ಎಂದರು. ಸರ್ಜನ್‌ಗೆ ಅರ್ಥವಾಗಲಿಲ್ಲ, ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ತಿರುಗಿದೆ.

ಅವರ ಮನೆ ನ್ಯಾಮತಿಯಲ್ಲಿ. ಅಲ್ಲಿಂದ ಹೊನ್ನಾಳಿ, ಹೊನ್ನಾಳಿಯಿಂದ ದಾವಣಗೆರೆ. ವಾರಕ್ಕೆ ಐದು ದಿನ, ಹೋಗುತ್ತಾ ಬರುತ್ತಾ ಎರಡೆರಡು ಬಸ್ಸು. ಐದು ನಿಮಿಷದ ವಿಕಿರಣಕ್ಕೆ ಇಡೀ ದಿನ. ಕೂರಲು ಆಗುತ್ತಿರಲಿಲ್ಲ, ಗಾಳಿ ತುಂಬಿದ ಸೈಕಲ್ ಟ್ಯೂಬನ್ನು ಟವೆಲ್ಲಿನಲ್ಲಿ ಸುತ್ತಿ ಅದರ ಮೇಲೆ ಕೂರುತ್ತಿದ್ದರು. ನಾನು ಆಗೀಗ ಜೊತೆಗೆ ಹೋಗುತ್ತಿದ್ದೆ. ಒಂದು ದಿನ ಹೊನ್ನಾಳಿಯ ಬಸ್ ಸ್ಟ್ಯಾಂಡಿನಲ್ಲಿ ಕಾಯುವಾಗ, ಎದೆಯೊಳಗೆ ಕುದಿಯುತ್ತಿದ್ದದ್ದನ್ನು ಹೇಳಿದೆ. ಮೂಲವ್ಯಾಧಿ ಎಂದು ನಾನು ಹೇಳದಿದ್ದರೆ ಒಂಬತ್ತು ತಿಂಗಳು ಉಳಿಯುತ್ತಿತ್ತು, ತಪ್ಪಾಯಿತು ಎಂದೆ.

ಅವರು ಬಹಳ ಹೊತ್ತು ಬಸ್ಸಿನ ಬೋರ್ಡುಗಳನ್ನು ಓದಿದರು. "ನೀವು ಕೈಯಿಟ್ಟು ನೋಡಿದ್ರೇನು? ಇಲ್ವಲ್ಲ. ನೋಡದೆ ಹೇಳಿದ್ದನ್ನ ನಾನ್ಯಾಕೆ ನಂಬ್ದೆ? ನಂಗೂ ಅದೇ ಬೇಕಾಗಿತ್ತು" ಎಂದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬಸ್ಸು ಬಂತು, ಹತ್ತಿದೆವು.

ವಿಕಿರಣ ಮುಗಿದು ಎರಡು ತಿಂಗಳಿಗೆ ರಕ್ತ ನಿಂತಿತು. ಮೈ ಹಿಡಿಯಿತು, ಅನ್ನ ಸೇರಿತು, ಮೊಪೆಡ್ ಹತ್ತಿದರು. ಆಪರೇಷನ್ ಯಾವಾಗ ಎಂದು ಕೇಳಿದಾಗಲೆಲ್ಲ "ಡಾಕ್ಟ್ರು ಹೇಳ್ತೀನಿ ಅಂದಾರೆ" ಎನ್ನುತ್ತಿದ್ದರು. ನಾನು ಎರಡನೇ ಸಲ ನೋಡದೆ ನಂಬಿದೆ. ಐದು ತಿಂಗಳಾದ ಮೇಲೆ ಅವರ ಹೆಂಡತಿ ನನಗೆ ಫೋನು ಮಾಡಿ, ಆಸ್ಪತ್ರೆಯವರು ಮೂರು ಸಲ ಕರೆದರೂ ಇವರು ಹೋಗಿಲ್ಲ ಎಂದು ಹೇಳಿದಾಗಲೇ ಗೊತ್ತಾದದ್ದು.

ಇಲ್ಲಿ ಒಂದು ಮಾತು ಹೇಳಬೇಕು. ಕೆಚ್ಚಲು ಬಾವಿಗೆ ಐದು ದಿನ ಇಂಜೆಕ್ಷನ್ ಎಂದರೆ ನಮ್ಮ ರೈತರು ಎರಡನೇ ದಿನಕ್ಕೆ ಹಾಲು ತಿಳಿಯಾದ ಕೂಡಲೇ ನಿಲ್ಲಿಸಿಬಿಡುತ್ತಾರೆ. ಹದಿನೈದು ದಿನಕ್ಕೆ ಬಾವು ತಿರುಗಿ ಬಂದು ಒಂದು ಮೊಲೆ ಹೋಗುತ್ತದೆ. ಅಂಥವರನ್ನು ಇವರು ಊರ ನಡುವೆ ನಿಲ್ಲಿಸಿ ಬೈಯುತ್ತಿದ್ದರು. "ಹಾಲು ತಿಳಿ ಆತು ಅಂತ ಸೂಜಿ ಬಿಟ್ರೆ, ಆಮೇಲೆ ಹಾಲೂ ಇಲ್ಲ, ಕೆಚ್ಲೂ ಇಲ್ಲ" ಎಂಬ ಮಾತು ನಾಲ್ಕು ತಾಲ್ಲೂಕಿನ ರೈತರಿಗೆ ಬಾಯಿಪಾಠ. ಮೂವತ್ತು ವರ್ಷ ಊರಿಗೆಲ್ಲ ಅದನ್ನು ಹೇಳಿದ ಮನುಷ್ಯ, ತನ್ನ ಪಾಳಿ ಬಂದಾಗ ಅದನ್ನೇ ಮಾಡಿದ್ದರು.

ನ್ಯಾಮತಿಗೆ ಹೋದೆ. ಅವರು ಪಕ್ಕದ ಮನೆಯ ಪಡ್ಡೆ ಎಮ್ಮೆಗೆ ಜಂತುಹುಳದ ಔಷಧಿ ಕುಡಿಸುತ್ತಿದ್ದರು. ಹೆಂಡತಿ ಬಾಗಿಲಲ್ಲೇ ಶುರು ಮಾಡಿದರು. "ಹೇಳೋದು ಆಚಾರ, ತಿನ್ನೋದು ಬದ್ನೆಕಾಯಿ. ನೀವೇ ಕೇಳ್ರಿ ಮೇಡಂ, ನನ್ನ ಮಾತು ಕೇಳಂಗಿಲ್ಲ."

"ಹಾಲು ತಿಳಿ ಆಯ್ತು ಅಂತ ಸೂಜಿ ಬಿಟ್ಟವರು ನೀವೇನಾ?" ಎಂದೆ.

ಅವರು ಔಷಧಿಯ ಬಾಟಲಿಯನ್ನು ಕಟ್ಟೆಯ ಮೇಲಿಟ್ಟರು. ಕಣ್ಣಲ್ಲಿ ನೀರಿತ್ತು. "ಮೂವತ್ತು ವರ್ಷ ಸೆಗಣಿ ಮೈಮ್ಯಾಲೆ ಹೊತ್ತೀನಿ ಮೇಡಂ, ಬ್ಯಾಸರ ಮಾಡ್ಕಂಡಿಲ್ಲ. ಮನಿಗೆ ಬಂದು ಸ್ನಾನ ಮಾಡಿದ್ರೆ ಹೋಗ್ತಿತ್ತು. ಈಗ ನಂದೇ ಹೊಟ್ಟೆ ಮ್ಯಾಲೆ ಚೀಲದಾಗೆ ಹೊರ್ಬೇಕು, ಅದು ಯಾವ ಸ್ನಾನಕ್ಕೂ ಹೋಗಲ್ಲ. ಜನ ಹತ್ರ ಕರೀತಾರೇನು? ಈಕೆ ಹತ್ರ ಬರ್ತಾಳೇನು?"

ಹೆಂಡತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. "ಎಮ್ಮೆ ನಾತ ಹೊಡೆಯೋ ಕೈ ಅಂತ ಮೂವತ್ತು ವರ್ಷದಾಗೆ ಒಂದ್ ದಿನ ದೂರ ಮಲಗೀನೇನು? ಚೀಲಾನೂ ನಾನೇ ತೊಳೀತೀನಿ, ಎದ್ದು ನಡೀರಿ" ಎಂದರು. ಅಷ್ಟೇ. ನನ್ನ ಮಾತೇನೂ ಬೇಕಾಗಲಿಲ್ಲ.

ಮತ್ತೆ ಎಂ.ಆರ್.ಐ. ಮಾಡಿದರು. ಗುದನಾಳದ ಗೆಡ್ಡೆ ಕುಗ್ಗಿ ಗಾಯದ ಕಲೆಯಂತಾಗಿತ್ತು. ಆದರೆ ಪಕ್ಕದ ಗೋಡೆಯ ಗಂಟು ವಿಕಿರಣದಲ್ಲಿ ಕುಗ್ಗಿದ್ದು ಈ ಐದು ತಿಂಗಳಲ್ಲಿ ಮತ್ತೆ ಬೆಳೆದಿತ್ತು. ಸರ್ಜನ್ ಯಾರನ್ನೂ ಬೈಯಲಿಲ್ಲ. ಅಲ್ಲಿ ದೊಡ್ಡ ರಕ್ತನಾಳಗಳು, ಮೂತ್ರದ ನರಗಳು ಇವೆ, ಕೆಲಸ ನಿಧಾನದ್ದು ಎಂದಷ್ಟೇ ಹೇಳಿದರು. ಆಪರೇಷನ್ ಬೆಳಿಗ್ಗೆ ಶುರುವಾಗಿ ಮಧ್ಯಾಹ್ನದ ಊಟದ ಹೊತ್ತು ಮೀರಿ ಮುಗಿಯಿತು. ಹತ್ತು ದಿನದ ಮೇಲೆ ರಿಪೋರ್ಟು ಬಂತು. ತೆಗೆದ ಗಂಟುಗಳಲ್ಲಿ ನಾಲ್ಕರಲ್ಲಿ ರೋಗವಿತ್ತು, ಮೂರು ಗೆಡ್ಡೆಯ ಹತ್ತಿರದವು, ನಾಲ್ಕನೆಯದು ಪಕ್ಕದ ಗೋಡೆಯದು. ಇವರು ಹಾಸಿಗೆಯಲ್ಲೇ ಕನ್ನಡಕ ಹಾಕಿ ಓದಿದರು. ಮಾಂಸದ ತಪಾಸಣೆಗೆ ಹೋದಾಗ ಹೀಗೆಯೇ ಗಂಟುಗಳನ್ನು ಕೊಯ್ದು ನೋಡಿ ಬರೆಯುತ್ತಿದ್ದವರು ಅವರು. "ಚೆಂದ ಬರ್ದಾರೆ. ಒಂದೂ ಬಿಟ್ಟಿಲ್ಲ" ಎಂದು ಕಾಗದ ಮಡಚಿ ಕೊಟ್ಟರು.

ಗಂಟಿಗೆ ಹೋದದ್ದು ಮುಂದೆ ಹೋಗದಿರಲಿ ಎಂದು ಕೀಮೋ ಕೊಟ್ಟರು. ಆ ಔಷಧಿಯಿಂದ ಬೆರಳು ಜುಮ್ಮೆನ್ನುತ್ತವೆ, ತಣ್ಣೀರು ಮುಟ್ಟಿದರೆ ಚುಚ್ಚುತ್ತದೆ ಎಂದು ಮೊದಲೇ ಹೇಳಿದ್ದರು. ಕೆಲವರಿಗೆ ಅದು ಹೋಗುತ್ತದೆ, ಕೆಲವರಿಗೆ ಉಳಿಯುತ್ತದೆ. ಇವರಿಗೆ ಉಳಿಯಿತು.

ಅಷ್ಟೆಲ್ಲ ಆದ ಮೇಲೂ ಕೆಲಸಕ್ಕೆ ಬಂದರು. ಚೀಲದ ಬಗ್ಗೆ ಅವರು ಅಂದುಕೊಂಡಷ್ಟು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೊಟ್ಟಿಗೆಯಲ್ಲಿ ನಿಂತವರಿಗೆ ಯಾವ ವಾಸನೆ ಯಾರದೆಂದು ಯಾರಿಗೆ ಬೇಕು? ಖೈರುನ್ಬಿಯಂತೂ ಅವರನ್ನು ಕಂಡು, "ಹೊಟ್ಟೆ ಮೇಲೆ ಬಾಗಿಲು ಮಾಡಿಸ್ಕಂಡ್ ಬಂದ್ರಂತೆ? ಮನೆ ಕಟ್ಟಿದ ಮೇಲೆ ಬಾಗಿಲು ಎಲ್ಲಿದ್ರೇನು, ಬರ್ರಿ, ಕುಂದ್ರಿ" ಎಂದು ಅದೇ ಮಂಚದ ಮೇಲೆ ಕೂರಿಸಿದಳು. ಇವರು ಕೂತು ಚಹಾ ಕುಡಿದರು.

ಆಮೇಲೆ ಅವಳ ಎಮ್ಮೆಗೆ ಕೈಯಿಟ್ಟರು. ಹತ್ತು ನಿಮಿಷವಾದರೂ ತೆಗೆಯಲಿಲ್ಲ. ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಕೊನೆಗೆ ಕೈ ತೆಗೆದು, ತೊಳೆದುಕೊಳ್ಳದೆ, ನನ್ನ ಹತ್ತಿರ ಬಂದು ಮೆಲ್ಲಗೆ, "ನೀವು ನೋಡ್ರಿ ಮೇಡಂ. ನನ್ನ ಬೆರಳಿಗೆ ಏನೂ ತಿಳೀವಲ್ದು" ಎಂದರು. ನಾನು ನೋಡಿದೆ, ಕೈ ತೊಳೆದೆ, ಮೂರು ತಿಂಗಳು ಎಂದು ಹೇಳಿದೆ. ಇವರು ಎಮ್ಮೆಯ ಬಾಲ ಹಿಡಿದು ನಿಂತಿದ್ದರು. ಅಂದಿನಿಂದ ನಿವೃತ್ತಿಯವರೆಗೆ ಅವರದು ಬಾಲ ಹಿಡಿಯುವ ಕೆಲಸ, ನನ್ನದು ಕೈಯಿಡುವ ಕೆಲಸ. ಆ ನೇಲ್ ಕಟರ್ ಬೀರುವಿನೊಳಗೆ ಸೇರಿದ್ದು ಆಗಲೇ ಇರಬೇಕು. ಜೀವ ಉಳಿಸಲು ಕೊಟ್ಟ ಔಷಧಿ ಕೈ ತೆಗೆದುಕೊಂಡಿತು ಎಂದು ನಾನು ಒಮ್ಮೆ ಗೊಣಗಿದಾಗ, "ತಳವಾರನ್ನ ಹಿಡ್ಯಾಕೆ ಹೋದ್ರೆ ಊರಾಗೆ ಒಂದೆರಡು ಮನಿ ಬಾಗ್ಲು ಮುರೀತಾವೆ ಬಿಡ್ರಿ" ಎಂದಿದ್ದರು.

ನಿವೃತ್ತಿಯ ದಿನ ಹಾರ, ಶಾಲು, ಭಾಷಣ ಎಲ್ಲ ಆಯಿತು. ನಾನೇನು ಮಾತಾಡಿದೆನೋ ನೆನಪಿಲ್ಲ. ಆದಷ್ಟು ಬೇಗ ಮುಗಿಯಲಿ ಎಂದಿತ್ತು, ನನಗೂ ಅವರಿಗೂ.

ಅದಾಗಿ ಒಂದು ವರ್ಷಕ್ಕೆ ಕೆಮ್ಮು ಶುರುವಾಯಿತು. ಹೆಂಡತಿ ಫೋನಿನಲ್ಲಿ, "ನಿಮ್ಮನ್ನ ಕರೀತಾ ಅದಾರೆ, ಯಾಕೆ ಅಂತ ಹೇಳವಲ್ರು" ಎಂದರು. ಹೋದೆ. ಮಧ್ಯಾಹ್ನ ಮೂರು ಗಂಟೆ. ಪಡಸಾಲೆಯ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಶರ್ಟು ಎರಡು ಅಳತೆ ದೊಡ್ಡದಾದಂತೆ ಕಾಣುತ್ತಿತ್ತು. ಮುಂದಿನ ವಾರ ಸ್ಕ್ಯಾನಿಗೆ ಬರಹೇಳಿದ್ದಾರೆ ಎಂದರು. ನಾನು ದಾರಿಯುದ್ದಕ್ಕೂ ತಯಾರು ಮಾಡಿಕೊಂಡು ಬಂದಿದ್ದನ್ನು ಒಪ್ಪಿಸಿದೆ. "ಹವಾ ಬದಲಾಗಿದೆ, ಎಲ್ಲರಿಗೂ ಕೆಮ್ಮು. ಏನೂ ಇರಲ್ಲ ಬಿಡಿ."

ಅವರು ದಿಂಬಿನಿಂದ ಎದ್ದು ನೆಟ್ಟಗೆ ಕೂತರು. "ಕೈಯಿಟ್ಟು ನೋಡದೆ ಹೇಳ್ಬ್ಯಾಡ್ರಿ ಮೇಡಂ."

ಆಮೇಲೆ ಶರ್ಟಿನ ಮೇಲಿನ ಎರಡು ಗುಂಡಿ ಬಿಚ್ಚಲು ಹೋದರು. ಬೆರಳಿಗೆ ಗುಂಡಿ ಸಿಗಲಿಲ್ಲ. ಹೆಂಡತಿ ಬಂದು ಬಿಚ್ಚಿದರು. ಎಡಗಡೆಯ ಕೊರಳೆಲುಬಿನ ಮೇಲಿನ ಗುಳಿ ತೋರಿಸಿ, "ಇಲ್ಲಿ ಏನೋ ಐತೆ ಅನ್ನಿಸ್ತೈತೆ. ಸ್ನಾನ ಮಾಡ್ವಾಗ ಮುಟ್ಟಿ ಮುಟ್ಟಿ ನೋಡ್ತೀನಿ, ನನ್ನ ಬೆರಳಿಗೆ ನಂಬಿಕೆ ಇಲ್ಲ. ಈಕೆಗೆ ಗೊತ್ತಾಗಲ್ಲ. ಸ್ಕ್ಯಾನ್‌ನಾಗೆ ಬಂದೇ ಬರ್ತೈತೆ, ಖರೆ. ಆದ್ರೆ ಮಿಷನ್‌ಗಿಂತ ಮೊದ್ಲು ನಂಗೆ ಗೊತ್ತಾಗ್ಬೇಕು. ನೀವು ನೋಡ್ರಿ" ಎಂದರು.

"ನಾನು ಮನುಷ್ಯರ ಡಾಕ್ಟರಲ್ಲ ಕಣ್ರೀ" ಎಂದೆ. ನಾಲ್ಕು ವರ್ಷದ ಹಿಂದೆ ಹೇಳಬೇಕಾಗಿದ್ದ ಮಾತು ಅದು.

"ಗಂಟಿಗೆ ಅದು ಗೊತ್ತಿಲ್ಲ" ಎಂದರು.

ಎಡಗೈ ಮುಂದೆ ಮಾಡಿದೆ. ಕಣ್ಣು ಮುಚ್ಚಿಕೊಂಡೆ, ಅವರು ಕಲಿಸಿದ ಹಾಗೆ. ಮೊದಲು ಇಡೀ ಬೆರಳಿನಿಂದ ಸವರಬೇಕು, ಆಮೇಲೆ ತುದಿಯಿಂದ ಒತ್ತಬೇಕು, ಆಮೇಲೆ ಅಲುಗುತ್ತದೆಯೇ ನೋಡಬೇಕು. ನೋಡಿದೆ. ಅವರ ಉಸಿರು ನನ್ನ ಮುಂಗೈಗೆ ತಾಗುತ್ತಿತ್ತು. ಕೈ ತೆಗೆದು ಕಣ್ಣು ಬಿಟ್ಟಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ, ಬೇಕೆಂದೇ ಗೋಡೆಯ ಕ್ಯಾಲೆಂಡರಿನ ಕಡೆ ನೋಡುತ್ತಿದ್ದರು. ಒಳಗಿನ ಕಡೆ ತಿರುಗಿ ಹೆಂಡತಿಗೆ, "ಮೇಡಂಗೆ ಬಿಸಿನೀರು ಸೋಪು ಕೊಡು" ಎಂದರು.

ಹಿತ್ತಲಿಗೆ ಹೋದೆ. ಕಲ್ಲಿನ ಮೇಲೆ ತಂಬಿಗೆ ಇಟ್ಟು ಅವರ ಹೆಂಡತಿ ಏನೂ ಕೇಳದೆ ಟವೆಲ್ ಹಿಡಿದು ನಿಂತರು. ಬಹಳ ಹೊತ್ತು ತೊಳೆದರೆ ಒಳಗಿರುವವರಿಗೆ ಗೊತ್ತಾಗುತ್ತದೆ. ಬೇಗ ಮುಗಿಸಿದರೆ ಓಡಿ ಬಂದೆನೆಂದು ಅದೂ ಗೊತ್ತಾಗುತ್ತದೆ. ಸುಳ್ಳು ಹೇಳಬಹುದಿತ್ತು. ಸ್ಕ್ಯಾನಿಗೆ ಇನ್ನೂ ಆರು ದಿನವಿತ್ತು, ಆ ಆರು ದಿನ ಅವರು ನೆಮ್ಮದಿಯಿಂದ ಇರಬಹುದಿತ್ತು. ಒಂದು ಸಲ ಅವರಿಗೆ ಒಂಬತ್ತು ತಿಂಗಳ ನೆಮ್ಮದಿ ಕೊಟ್ಟವಳು ನಾನೇ. ಎಂದಿನಷ್ಟೇ ಹೊತ್ತು ತೊಳೆದೆ, ಬೆರಳು ಬೆರಳು ಒರೆಸಿಕೊಂಡೆ, ಒಳಗೆ ಬಂದು ಅವರ ಎದುರಿಗೆ ಕೂತೆ.

"ಇದೆ" ಎಂದೆ. "ಎರಡು. ಗಟ್ಟಿ ಇವೆ. ಅಲುಗಾಡಲ್ಲ."

ಅವರು ತಮ್ಮ ಎಡಗೈಯನ್ನು ಎತ್ತಿ, ನಾನು ಮುಟ್ಟಿದ ಜಾಗದಲ್ಲೇ ಬೆರಳಿಟ್ಟು, ಮತ್ತೊಮ್ಮೆ ಹುಡುಕಿದರು.

"ಎರಡಾ?" ಎಂದರು. "ನಾನು ಒಂದೇ ಅಂದ್ಕಂಡಿದ್ದೆ. ಸರಿಯಾಗಿ ನೋಡೀರಿ ಬಿಡ್ರಿ."